ನಲವತ್ತೆರಡು ನಿಮಿಷ ಮುಂಚಿನ ಖರ್ಜೂರ

ಖರ್ಜೂರ ಬಾಯೊಳಗೆ ಕರಗಿ, ಬೀಜ ನಾಲಿಗೆಯ ಮೇಲೆ ಉರುಳಿದ ಮೇಲೆ ಮೆರಿಮಾಳಿಗೆ ನೆನಪಾಯಿತು: ಹೊತ್ತು ಇನ್ನೂ ಮುಳುಗಿಲ್ಲ.

ಮುಳುಗಿತೋ ಇಲ್ಲವೋ ನೋಡಿ ಹೇಳಲು ಆ ಸಂಜೆ ಸೂರ್ಯನೇ ಇರಲಿಲ್ಲ. ಮಾರ್ಚ್ ತಿಂಗಳ ಮೋಡ ರೈನ್ ನದಿಯ ಮೇಲೆ ಒದ್ದೆ ಕಂಬಳಿಯ ಹಾಗೆ ಬಿದ್ದುಕೊಂಡಿತ್ತು. ಡೂಯಿಸ್‌ಬರ್ಗಿನ ಚಿಮಣಿಗಳ ಹೊಗೆ ಎಲ್ಲಿ ಮುಗಿಯಿತು, ಮೋಡ ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ಲಾಂಚು ನಡುನೀರಿನಲ್ಲಿತ್ತು. ಅದರ ಮೇಲೆ ನಾಲ್ಕು ಕಾರು, ಎರಡು ಸೈಕಲ್ಲು, ಕಂಬಿಗೆ ಒರಗಿ ನಿಂತ ಒಬ್ಬ ಪರವೂರಿನವ.

ಟಿಕೆಟ್ ಕೊಡಲು ಹೋದಾಗ ಗಾಳಿ ಅವಳ ತಲೆಯ ಶಾಲನ್ನು ಎಳೆದಿತ್ತು. ಅವಳು ಶಾಲು ಹಿಡಿದುಕೊಂಡು, ಅಜ್ಜಿ ಕಲಿಸಿದ ಬೋಸ್ನಿಯಾದ ಬೈಗುಳದಲ್ಲಿ ಗಾಳಿಯನ್ನು ಬೈದಿದ್ದಳು. ಪರವೂರಿನವನ ಮುಖ ದೀಪ ಹಚ್ಚಿದ ಹಾಗಾಯಿತು.

"ನೀವು ನಮ್ಮೋರಾ?"

ಅವಳು ಉತ್ತರ ಕೊಡುವ ಮೊದಲೇ ದೂರದಲ್ಲಿ ಒಂದು ಸರಕು ಹಡಗು ಭೋಂ ಎಂದಿತು. ಅವನು ಜೇಬಿನಿಂದ ಮಡಚಿದ ಕಾಗದ ತೆಗೆದು ನೋಡಿದ, ಕೈಗಡಿಯಾರ ನೋಡಿದ, ಬಿಸ್ಮಿಲ್ಲಾ ಎಂದ. ಡಬ್ಬಿಯ ಮುಚ್ಚಳ ತೆಗೆದು ಮೊದಲು ಅವಳ ಮುಂದೆ ಹಿಡಿದ.

"ತಗೊಳ್ಳಿ, ಹೊತ್ತಾಯ್ತು."

ಅವನ ಬಲಗಣ್ಣಿನ ಸುತ್ತ ದುಂಡಗೆ, ಉಂಗುರ ಒತ್ತಿಟ್ಟ ಹಾಗೆ, ಒಂದು ಮಾಸಿದ ಗುರುತಿತ್ತು. ಇದೇನು ಗುರುತಿರಬಹುದು ಎಂದು ನೋಡುತ್ತಾ ನೋಡುತ್ತಾ ಅವಳು ಕೈಚಾಚಿದಳು. ತಿಂದಳು.

ಮರುಕ್ಷಣ ಮೇಲಿನ ಕ್ಯಾಬಿನ್ನಿನಿಂದ ಮೈಕು ಕಿರುಚಿತು. "ಮೆರಿಮಾ! ಏನ್ ತಿಂತಿದೀಯೇ ಹುಡುಗಿ? ಇನ್ನೂ ನಲವತ್ತೆರಡು ನಿಮಿಷ ಇದೆ!"

ಅದು ಕ್ಯಾಪ್ಟನ್ ಡೀಟ್ಮಾರ್. ಪ್ರತಿ ಭಾನುವಾರ ಚರ್ಚಿಗೆ ಹೋಗುವ ಈ ಮುದುಕನ ಕ್ಯಾಬಿನ್ನಿನಲ್ಲಿ ಮಸೀದಿಯ ವೇಳಾಪಟ್ಟಿ ಅಂಟಿಸಿತ್ತು. ರಂಜಾನಿನಲ್ಲಿ ಉಪವಾಸ ಬಿಡುವ ಹೊತ್ತಿಗೆ ಸರಿಯಾಗಿ ಅವನು ಒಂದು ಪುಟ್ಟ ಹಾರನ್ ಹೊಡೆಯುತ್ತಿದ್ದ: ಮೆರಿಮಾಳಿಗೆ ಒಂದು, ದಾಟುವ ಟರ್ಕಿ ಲಾರಿ ಡ್ರೈವರುಗಳಿಗೂ ಅದೇ. ಒಂಬತ್ತು ವರ್ಷದಲ್ಲಿ ಒಂದು ದಿನ ತಪ್ಪಿಸಿರಲಿಲ್ಲ.

ಮೆರಿಮಾ ಪರವೂರಿನವನ ಕೈಯಿಂದ ಕಾಗದ ಕಸಿದು ನೋಡಿದಳು. ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: ಟ್ರಾವ್ನಿಕ್.

"ಇದು ಬೋಸ್ನಿಯಾದ ವೇಳೆ! ಸೂರ್ಯ ಅಲ್ಲಿ ಮುಳುಗಿ, ಇಲ್ಲಿಗೆ ನಡ್ಕೊಂಡ್ ಬರ್ಬೇಕಲ್ಲ ಸ್ವಾಮಿ!"

"ಬಸ್ಸಲ್ಲಿ ಬರೋವಾಗ ಗಡಿಯಾರ ತಿರುಗಿಸ್ಬೇಕಾ ಅಂತ ಕೇಳ್ದೆ. ಬೇಡ, ಎರಡೂ ಕಡೆ ಒಂದೇ ಟೈಮು ಅಂದ್ರು."

"ಗಡಿಯಾರಕ್ಕೆ ಒಂದೇ. ಸೂರ್ಯನಿಗೆ ಯಾರು ಹೇಳಿದ್ರು?"

ಅವನು ಕಿವಿಯವರೆಗೂ ಕೆಂಪಾದ. "ಯಾರಿಗೂ ಹೇಳ್ಬೇಡಿ. ನಮ್ಮೂರಲ್ಲಿ ನಂದು ಗಡಿಯಾರ ರಿಪೇರಿ ಅಂಗಡಿ."

ಆಗ ಗೊತ್ತಾಯಿತು, ಕಣ್ಣಿನ ಸುತ್ತಲಿನ ಗುರುತು ಭೂತಗನ್ನಡಿ ಒತ್ತಿ ಒತ್ತಿ ಬಿದ್ದದ್ದು. ಮೆರಿಮಾ ಕೋಪ ಮಾಡಿಕೊಳ್ಳಬೇಕೆಂದುಕೊಂಡಳು; ನಗು ಮುಂಚೆ ಬಂತು.

"ಈಗ ಇಬ್ಬರೂ ಒಂದೊಂದು ದಿನ ಮತ್ತೆ ಉಪವಾಸ ಕಟ್ಟಿಕೊಡ್ಬೇಕು," ಎಂದಳು. "ನಿಮ್ಮಿಂದ."

"ನಾನು ಪರವೂರಿನ ಕಾಗದ ನೋಡ್ಕೊಂಡು ತಿಂದೆ. ನೀವು ಇದೇ ಊರಿನೋರು. ನೀವೇನು ನೋಡ್ಕೊಂಡು ತಿಂದ್ರಿ?"

ಅವಳು ಥಟ್ಟನೆ ತಿರುಗಿ ಕಾರುಗಳ ಕಡೆ ಟಿಕೆಟ್ ಕೊಡಲು ಹೋದಳು. ತಾನು ನೋಡಿದ್ದು ಹೇಳುವಂಥದ್ದಾಗಿರಲಿಲ್ಲ.

*

ಅವನ ಹೆಸರು ವೆದಾದ್. ಹತ್ತು ದಿನದ ಪ್ರವಾಸ. ಪಯಣದಲ್ಲಿರುವವರು ಉಪವಾಸ ಬಿಟ್ಟು ಆಮೇಲೆ ಕಟ್ಟಬಹುದು. ಆದರೆ ದಿನಾ ಫೋನ್ ಮಾಡಿ ಕೇಳುವ ಅಮ್ಮ ಇದ್ದಳು. ಅವನ ತೀರಿಹೋದ ತಂದೆ ಹರೆಯದಲ್ಲಿ ಇಲ್ಲಿಯ ಉಕ್ಕಿನ ಕುಲುಮೆಯಲ್ಲಿ ದುಡಿದಿದ್ದರಂತೆ. ನದಿಯುದ್ದಕ್ಕೂ ಊರಿಗೆ ಊರು ಅಂಟಿಕೊಂಡಿದೆ, ಒಂದರ ದೀಪ ಆರುವ ಮೊದಲೇ ಇನ್ನೊಂದರದು ಹತ್ತುತ್ತದೆ ಎಂದು ಹೇಳುತ್ತಿದ್ದರಂತೆ. ಅದನ್ನು ಕಣ್ಣಾರೆ ನೋಡಲು ಬಂದಿದ್ದ.

ಹಗಲೆಲ್ಲ ಕಲೋನ್, ಡ್ಯುಸೆಲ್‌ಡಾರ್ಫ್ ಎಂದು ಸುತ್ತುತ್ತಿದ್ದ. ಸಂಜೆಯಾದರೆ ಲಾಂಚಿಗೆ ಹಾಜರು. ಆಚೆ ದಡದಲ್ಲಿ ಅವನಿಗೆ ಯಾವ ಕೆಲಸವೂ ಇರಲಿಲ್ಲ. ಹೋಗುತ್ತಿದ್ದ, ಬರುತ್ತಿದ್ದ, ಮತ್ತೆ ಹೋಗುತ್ತಿದ್ದ.

"ಈ ನದಿಗೆ ಎರಡೇ ದಡ ಕಣಪ್ಪಾ," ಡೀಟ್ಮಾರ್ ಮೈಕಿನಲ್ಲಿ ಕಿಚಾಯಿಸಿದ. "ಎಷ್ಟ್ ಸಲ ಹುಡುಕಿದ್ರೂ ಮೂರನೇದು ಸಿಗಲ್ಲ."

"ಕುಲುಮೆ ನೋಡಿದ್ರಾ?" ಒಂದು ಸಂಜೆ ಅವಳು ಕೇಳಿದಳು.

"ನೋಡ್ದೆ. ಮುಚ್ಚಿ ಪಾರ್ಕ್ ಮಾಡಿದಾರೆ. ಅಪ್ಪ ಬೆವರು ಸುರಿಸಿದ ಕಡೆ ಬಳ್ಳಿ ಹಬ್ಬಿದೆ. ಮೇಲೆ ಹತ್ತಿದೆ. ಅಲ್ಲಿಂದ ಎಲ್ಲಾ ಕಾಣುತ್ತೆ, ನದಿ, ಸೇತುವೆ, ಮಿನಾರು..." ಅವನು ನೀರಿನ ಕಡೆ ತಿರುಗಿದ. "ಲಾಂಚ್ ಒಂದು ಕಾಣ್ಲಿಲ್ಲ. ಅದಕ್ಕೇ ಬೇಗ ಇಳಿದುಬಿಟ್ಟೆ."

ಮೆರಿಮಾ ಆ ಟ್ರಿಪ್ಪಿನಲ್ಲಿ ಒಬ್ಬ ಸೈಕಲ್ಲಿನವನಿಗೆ ಟಿಕೆಟ್ ಕೊಡುವುದನ್ನೇ ಮರೆತಳು.

ಅವಳ ಅಜ್ಜಿ ಯುದ್ಧದ ಕಾಲದಲ್ಲಿ ಬೋಸ್ನಿಯಾದಿಂದ ಒಂದು ಗಂಟುಮೂಟೆ, ನೂರು ಕಥೆ ಹೊತ್ತು ಬಂದವಳು. ಮೊಮ್ಮಗಳ ಸಾರಿನ ಫ್ಲಾಸ್ಕು ಇದ್ದಕ್ಕಿದ್ದಂತೆ ಇಬ್ಬರಿಗಾಗುವಷ್ಟು ದೊಡ್ಡದಾದದ್ದನ್ನು ಮೂರನೆಯ ದಿನವೇ ಗಮನಿಸಿದಳು.

"ಯಾರದು?"

"ಯಾರೂ ಇಲ್ಲಜ್ಜೀ. ಪ್ಯಾಸೆಂಜರ್."

"ಪ್ಯಾಸೆಂಜರಿಗೆ ಟಿಕೆಟ್ ಕೊಡ್ತಾರೆ ಮಗಾ. ಸಾರು ಕೊಡಲ್ಲ. ಕರ್ಕೊಂಡು ಬಾ."

ವೆದಾದ್ ಇಫ್ತಾರಿಗೆ ಬಂದ. ಎಳೆ ಬೆಂಡೆಕಾಯಿ ಒಣಗಿಸಿ ದಾರದಲ್ಲಿ ಪೋಣಿಸಿದ್ದನ್ನು ತಂದಿದ್ದ. ನಮ್ಮೂರಲ್ಲಿ ಕೋಳಿ ಸಾರಿಗೆ ಇದೇ ಬೇಕು ಎಂದು ಅಮ್ಮ ಚೀಲಕ್ಕೆ ತುರುಕಿದ್ದಳಂತೆ. ಅಜ್ಜಿ ಆ ಹಾರವನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಆಮೇಲೆ ಅವನ ಅಮ್ಮನ ನಂಬರು ಬರೆಸಿಕೊಂಡಳು. "ಬೆಂಡೆಕಾಯಿಗೆ ಥ್ಯಾಂಕ್ಸ್ ಹೇಳ್ಬೇಕು," ಎಂದಳು.

ಎಲ್ಲರೂ ಏನೇನೋ ಮಾತಾಡಿದರು. ಮಾತಾಡಬೇಕಾದ ಒಂದನ್ನು ಮಾತ್ರ ವೆದಾದ್ ಆಡಲಿಲ್ಲ.

ಹಬ್ಬದ ಹಿಂದಿನ ದಿನ ಅವನ ಬಸ್ಸು. ಕೊನೆಯ ಸಲ ಲಾಂಚಿಗೆ ಬಂದ. ಚೀಲ ಹೆಗಲ ಮೇಲಿತ್ತು.

"ನಂದೊಂದು ದಿನ ಬಾಕಿ ಇದೆ," ಎಂದ.

"ನಂದೂ."

"ಊರಿಗೆ ಹೋಗಿ ಕಟ್ತೀನಿ."

"ಹ್ಞೂಂ. ಕಟ್ಟಿ."

ಅವನು ಚೀಲ ಕೆಳಗಿಟ್ಟ. ಜೇಬಿನಿಂದ ಟ್ರಾವ್ನಿಕ್‌ನ ವೇಳಾಪಟ್ಟಿ ತೆಗೆದು ಅವಳ ಕೈಗಿಟ್ಟ. ಅವಳು ಪರ್ಸಿನಿಂದ ಡೂಯಿಸ್‌ಬರ್ಗಿನದನ್ನು ತೆಗೆದು ಅವನಿಗೆ ಕೊಟ್ಟಳು. ಬೆರಳಿಗೆ ಬೆರಳು ತಗುಲಲಿಲ್ಲ. ಕಾಗದದ ಒಂದು ತುದಿ ಅವನದು, ಒಂದು ತುದಿ ಅವಳದು ಎಂಬ ಗಳಿಗೆ ಮಾತ್ರ ಬೇಕಾದ್ದಕ್ಕಿಂತ ಉದ್ದವಾಯಿತು.

*

ಹಬ್ಬವಾದ ಮೂರನೆಯ ದಿನ ಮೊದಲ ಮೆಸೇಜ್ ಬಂತು. "ಇಲ್ಲಿ ಸೂರ್ಯ ಮುಳುಗಿದ."

ಅವಳು ಕಿಟಕಿಗೆ ಕೂತು ಕಾದಳು. ತನ್ನ ನದಿಯ ಮೇಲೆ ಕೊನೆಯ ಕೆಂಪು ಆರಿದ ಮೇಲೆ ಬರೆದಳು. "ಇಲ್ಲೂ ಮುಳುಗಿದ."

ಬೇಸಿಗೆಯೆಲ್ಲ ಅಷ್ಟೇ. ಅವನೂ ಒಂದಕ್ಷರ ಹೆಚ್ಚು ಬರೆಯಲಿಲ್ಲ, ಅವಳೂ ಬರೆಯಲಿಲ್ಲ. ಜೂನ್ ಬಂದಾಗ ಎರಡು ಸೂರ್ಯಾಸ್ತಗಳ ನಡುವಿನ ಕಾಯುವಿಕೆ ಒಂದು ಗಂಟೆ ದಾಟಿತು. ಅಜ್ಜಿಯ ಕಥೆಯೊಂದರಲ್ಲಿ ರಾಜಕುಮಾರಿ ಸೂರ್ಯನಿಗೆ ದಾರ ಕಟ್ಟಿ ತನ್ನ ಕಿಟಕಿಗೆ ಎಳೆದುಕೊಳ್ಳುತ್ತಾಳೆ. ಚಿಕ್ಕಂದಿನಲ್ಲಿ ಮೆರಿಮಾ ಅದು ಸುಳ್ಳೆಂದು ಜಗಳವಾಡಿದ್ದಳು. ಈಗ ದಾರದ ಒಂದು ತುದಿ ಅವಳ ಬೆರಳಿನಲ್ಲೇ ಇತ್ತು.

ಹೆಣ್ಣುಮಕ್ಕಳಿಗೆ ತಿಂಗಳ ಮುಟ್ಟಿನಿಂದ ಬಿಟ್ಟುಹೋಗುವ ಉಪವಾಸದ ದಿನಗಳಿರುತ್ತವಲ್ಲ, ಅಂಥ ಆರನ್ನೂ ಅವಳು ಒಂದೊಂದಾಗಿ ಕಟ್ಟಿ ಮುಗಿಸಿದಳು. ಏಳನೆಯದು, ಆ ಖರ್ಜೂರದ ದಿನದ್ದು, ಅದನ್ನು ಮಾತ್ರ ಕಟ್ಟಲಿಲ್ಲ. ಅದನ್ನೂ ಕಟ್ಟಿಬಿಟ್ಟರೆ ಅವನಿಗೂ ತನಗೂ ಸೇರಿದ್ದೆಂದು ಈ ಲೋಕದಲ್ಲಿ ಏನು ಉಳಿಯುತ್ತದೆ?

ಸೆಪ್ಟೆಂಬರಿನ ಒಂದು ಸಂಜೆ ಮೆಸೇಜ್ ಬರಲಿಲ್ಲ. ಮರುದಿನವೂ ಇಲ್ಲ. ಒಂದು ವಾರ, ಎರಡು ವಾರ. ಟ್ರಾವ್ನಿಕ್‌ನಲ್ಲಿ ಸೂರ್ಯನೇ ಮುಳುಗುವುದಿಲ್ಲವೇನೋ ಎಂಬಂತೆ.

"ಆರಾಯ್ತು," ಅಜ್ಜಿ ಉಣ್ಣೆ ಹೆಣೆಯುತ್ತಾ ಹೇಳಿದಳು. "ಆ ಒಂದು ಯಾಕ್ ಕೂತಿದೆ?"

"ಕಟ್ತೀನಜ್ಜೀ."

"ಯಾವಾಗ? ದೇವರ ಬಾಕಿ ಇದು, ಉಪ್ಪಿನಕಾಯಿ ಅಲ್ಲ, ಭರಣಿಲಿಟ್ಟು ಕಾಯೋಕೆ. ಅಕ್ಟೋಬರಿನ ಎರಡನೇ ಗುರುವಾರ ಕಟ್ಟು."

"ಗುರುವಾರವೇ ಯಾಕೆ?"

"ನಾನ್ ಹೇಳ್ದೆ ಅಂತ."

ಮೆರಿಮಾಳಿಗೆ ಜಗಳವಾಡುವ ಹುಮ್ಮಸ್ಸೂ ಇರಲಿಲ್ಲ. ಹೂಂ ಎಂದಳು. ಬುಧವಾರ ರಾತ್ರಿ ಹಾಸಿಗೆಯಲ್ಲಿ ಮಲಗಿ, ನಾಳೆ ಸಂಜೆಗೆ ಎಲ್ಲ ಮುಗಿಯಿತು ಎಂದು ಗೋಡೆಗೆ ಹೇಳಿದಳು.

*

ಗುರುವಾರ ಸಂಜೆ ಆಕಾಶ ತೊಳೆದಿಟ್ಟ ಹಾಗಿತ್ತು. ನೀರಿನ ಮೇಲೆ ಬೆಳಕು ಬಿದ್ದು ಚಿಮಣಿಗಳೂ ಚಿನ್ನದವಾಗಿದ್ದವು. ಅಜ್ಜಿ ಕಟ್ಟಿಕೊಟ್ಟ ಫ್ಲಾಸ್ಕು ಬೆಳಿಗ್ಗೆಯೇ ಭಾರವೆನ್ನಿಸಿತ್ತು. ದುಃಖಕ್ಕೆ ಹಾಗನ್ನಿಸುತ್ತದೆ ಎಂದುಕೊಂಡಿದ್ದಳು.

ಲಾಂಚು ಬಿಡಲು ಕಟ್ಟು ಬಿಚ್ಚುವಾಗ ಒಬ್ಬ ಓಡಿಬಂದ. ಹೆಗಲಲ್ಲಿ ಚೀಲ, ಎರಡೂ ಕೈಯಲ್ಲಿ ಹಿಡಿದ ಖರ್ಜೂರದ ಡಬ್ಬಿ, ಕೊರಳಿನಲ್ಲಿ ಒಣ ಬೆಂಡೆಕಾಯಿಯ ಹಾರ.

"ಕೈ ಖಾಲಿ ಇರ್ಲಿಲ್ಲ," ಏದುಸಿರಿನಲ್ಲೇ ಹೇಳಿದ, ಕೊರಳು ತೋರಿಸಿ. "ಬಸ್ಸು ಲೇಟು. ಸ್ಟೇಷನ್ನಿಂದ ಓಡ್ಕೊಂಡೇ ಬಂದೆ."

ಮೆರಿಮಾಳ ಕೈಯಲ್ಲಿ ಹಗ್ಗ ಹಾಗೇ ನಿಂತಿತು. ಕಣ್ಣು ತುಂಬಿದ್ದನ್ನು ಮುಚ್ಚಲು ಸಿಕ್ಕಿದ ಮೊದಲ ಮಾತನ್ನೇ ಬೀಸಿದಳು. "ಮೂರು ವಾರದಿಂದ ನಿಮ್ಮೂರಲ್ಲಿ ಸೂರ್ಯ ಮುಳುಗ್ಲಿಲ್ವಾ?"

"ಅಮ್ಮ ಫೋನ್ ಕಿತ್ಕೊಂಡ್ಲು. ಆರು ತಿಂಗಳಿಂದ ಹುಡುಗಿಗೆ ಹವಾಮಾನ ವರದಿ ಕಳಿಸ್ತಿದೀಯಲ್ಲೋ, ಸೂರ್ಯ ಏನು ನಿನ್ನ ದಲ್ಲಾಳಿನಾ, ಗಂಡಸಾದ್ರೆ ಹೋಗಿ ಬಾಯ್ಬಿಟ್ಟು ಹೇಳು, ಅಲ್ಲಿವರೆಗೂ ಒಂದಕ್ಷರ ಬರೀಬೇಡ ಅಂದ್ಲು. ಪಾಸ್‌ಪೋರ್ಟ್ ಪೇಪರ್ ಸಿಗೋಕೆ ಇಷ್ಟು ದಿನ ಆಯ್ತು. ಗುರುವಾರ ಅಂತ ಹೇಳಿದ್ದು ನಿಮ್ಮಜ್ಜಿ."

"ಅಜ್ಜಿ!"

"ಬೆಂಡೆಕಾಯಿಗೆ ಥ್ಯಾಂಕ್ಸ್ ಹೇಳೋಕೆ ಅಂತ ವಾರಕ್ಕೆರಡು ಸಲ ಫೋನ್ ಮಾಡ್ತಾರೆ."

ಅವಳು ನಕ್ಕಳು, ನಗುವಿನ ಜೊತೆಗೇ ಕಣ್ಣೀರು ಇಳಿಯಿತು. ಲಾಂಚು ದಡ ಬಿಟ್ಟಿತು.

"ಇವತ್ತು ನಾನೂ ಉಪವಾಸ," ಅವನು ಮೆಲ್ಲಗೆ ಹೇಳಿದ. "ಆ ಒಂದು ದಿನ. ಇಷ್ಟು ದಿನ ಕಟ್ಲಿಲ್ಲ. ಕಟ್ಟಿದ್ರೆ ಮುಗಿದುಹೋಗುತ್ತೆ ಅಂತ ಭಯ."

ಜೇಬಿನಿಂದ ಅವಳ ವೇಳಾಪಟ್ಟಿ ತೆಗೆದ. ಮಡಿಕೆಗಳಲ್ಲಿ ಹರಿದು, ಅಂಟು ಹಚ್ಚಿದ್ದ ಕಾಗದ. "ಮೆರಿಮಾ, ಒಂದು ಮನೇಲಿ ಎರಡೂರಿನ ಕಾಗದ ಇದ್ರೆ ಊಟ ಕೆಡುತ್ತೆ. ಒಂದೇ ಇರ್ಲಿ ಅಂತ ಕೇಳೋಕೆ ಬಂದೆ. ಯಾವೂರಿಂದು ಅಂತ ನೀನು ಹೇಳು. ಗಡಿಯಾರ ಎಲ್ಲಾ ಊರಲ್ಲೂ ಕೆಡುತ್ತೆ, ನನ್ನ ಅನ್ನಕ್ಕೇನೂ ತೊಂದ್ರೆ ಇಲ್ಲ."

ನೀವು ಎನ್ನುತ್ತಿದ್ದವನು ನೀನು ಎಂದದ್ದು ಅವಳಿಗೆ ಕೇಳಿಸಿತು. ಆದರೆ ಹೂಂ ಎನ್ನುವ ಮೊದಲು ಎದೆಯಲ್ಲೊಂದು ಮುಳ್ಳಿತ್ತು, ಅದನ್ನು ತೆಗೆಯಬೇಕಿತ್ತು.

"ಮೊದಲು ನಂದೊಂದು ಕೇಳು. ಆವತ್ತು ನೀನು ತಪ್ಪು ತಿಳಿದು ತಿಂದೆ. ನಾನು..." ಶಾಲಿನ ಅಂಚನ್ನು ಬೆರಳಿಗೆ ಸುತ್ತಿದಳು. "ನಂಗೆ ಹೊತ್ತು ಗೊತ್ತಿತ್ತೋ ಏನೋ ವೆದಾದ್. ದಿನಾ ಡೀಟ್ಮಾರ್ ಹಾರನ್ ಕೇಳೋಳು ನಾನು. ನಿನ್ ಕಣ್ಣು ನೋಡ್ತಾ ಇದ್ದೆ, ಕೈ ತಾನೇ ಹೋಯ್ತು. ಹೊತ್ತಾಯ್ತು ಅಂದ್ಕೊಂಡು ತಿಂದ್ನೋ, ತಿಳಿದೇ ತಿಂದ್ನೋ, ಇವತ್ತಿಗೂ ಗೊತ್ತಿಲ್ಲ. ತಿಳಿದೇ ತಿಂದಿದ್ರೆ ಒಂದು ದಿನಕ್ಕೆ ಮುಗಿಯಲ್ಲ. ಅದರ ಮೇಲೆ ಅರವತ್ತು ದಿನ ಕಟ್ಬೇಕು. ಒಂದೂ ತಪ್ಪದೆ, ಸಾಲಾಗಿ."

ವೆದಾದ್ ಅವಳ ಕಡೆಗೆ ಒಂದು ಹೆಜ್ಜೆ ಇಟ್ಟ. ಕಣ್ಣಿನ ಸುತ್ತಲಿನ ಉಂಗುರ ನಗುವಿನಲ್ಲಿ ಸುಕ್ಕಾಯಿತು.

"ನನ್ ಕಣ್ಣು ನೋಡಿ?"

"ಜಂಭ ಪಡ್ಬೇಡ."

"ಹಾಗಾದ್ರೆ ಅರವತ್ತೂ ಕಟ್ಟೋಣ. ದಿನಾ ಬೆಳಗಿನ ಜಾವ ಎಬ್ಬಿಸೋದು ನಾನು, ಸಂಜೆ ಖರ್ಜೂರ ಕೊಡೋದು ನಾನು. ನಂದೇನೂ ಬಾಕಿ ಇಲ್ಲದಿದ್ರೂ ಜೊತೆಗೆ ಹಸ್ಕೊಂಡಿರ್ತೀನಿ. ಕಾಗದ ಯಾವೂರಿಂದು, ಅದೊಂದು ಹೇಳು."

ಅವಳು ಅವನ ಕೈಯಿಂದ ಹರಿದ ಕಾಗದ ತೆಗೆದುಕೊಂಡಳು. ಎರಡಾಗಿ ಮಡಚಿ, ಅವನ ಜೇಬಿಗೇ ವಾಪಸ್ಸು ಇಟ್ಟಳು.

"ಇದೇ. ಇಲ್ಲಿ ಹಾರನ್ ಹೊಡೆಯೋರಿದಾರೆ."

ಅವನು ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದ. ಅವಳು ಒಂದು ಖರ್ಜೂರ ಎತ್ತಿಕೊಂಡಳು, ತಿನ್ನಲಿಲ್ಲ. ಅವನೂ ತಿನ್ನಲಿಲ್ಲ. ಪಶ್ಚಿಮದಲ್ಲಿ ಸೂರ್ಯ ಚಿಮಣಿಗಳ ಹಿಂದೆ ಒಂದು ಬೆರಳಷ್ಟು ಉಳಿದಿದ್ದ; ಅರ್ಧ ಬೆರಳು; ಒಂದು ಗೆರೆ.

ರಂಜಾನ್ ಕಳೆದು ಆರು ತಿಂಗಳಾಗಿತ್ತು. ಆದರೂ ಕ್ಯಾಬಿನ್ನಿನಿಂದ ಒಂದು ಪುಟ್ಟ ಹಾರನ್ ಕೂಗಿತು, ಅದರ ಹಿಂದೆಯೇ ಮೈಕು ಕೆಮ್ಮಿತು.

"ಈಗ ತಿನ್ನೇ ಹುಡುಗಿ," ಎಂದ ಡೀಟ್ಮಾರ್. "ಈಗ ಸರಿಯಾಗಿ ಹೊತ್ತಾಯ್ತು."