ಗಂಡಸರ ಸಾಲಿನ ಅಂಗಿ

“ಇಬ್ಬರದೂ ಒಂದೇ ತಪ್ಪು. ಯಾರು ಯಾರದ್ದನ್ನು ನೋಡಿ ಬರೆದಿರಿ?”

ಐಸ್‌ಲ್ಯಾಂಡಿನ ಭಾಷೆ ಕಲಿಸುವ ಮೇಡಂ ಎರಡು ಉತ್ತರ ಪತ್ರಿಕೆಗಳನ್ನು ಮೇಜಿನ ಮೇಲಿಟ್ಟರು. ಸಂಜೆಯ ತರಗತಿ ಅವರಿಬ್ಬರ ಕಡೆ ತಿರುಗಿತು.

ದರ್ಜಿ ಹುಡುಗಿಯ ಕಿವಿ ಬಿಸಿಯೇರಿತು. ನೋಡಿ ಬರೆದವಳು ಅವಳೇ! ಒಪ್ಪಿಕೊಂಡರೆ ತರಗತಿಯಿಂದ ಹೊರಗೆ. ಆ ದೇಶದಲ್ಲಿರುವ ಅಕ್ಕನ ಹೊಲಿಗೆ ಅಂಗಡಿ ಸೇರುವ ಆಸೆಯೂ ಅಲ್ಲಿಗೇ ಮುಗಿಯಿತು.

“ನಾನೇ, ಮೇಡಂ.” ಪಕ್ಕದ ಬೆಂಚಿನ ಮೆಕ್ಯಾನಿಕ್ ಎದ್ದು ನಿಂತ.

“ನಾಳೆಯಿಂದ ಬರಬೇಡಿ.”

ಅವನು ಬ್ಯಾಗು ಹೆಗಲಿಗೇರಿಸಿ ಹೋದ.

ಅವಳನ್ನು ಏಳನೇ ಕ್ಲಾಸಿಗೇ ಶಾಲೆ ಬಿಡಿಸಿದ್ದು ಅಪ್ಪ. ಓದು ಕಡಿಮೆಯೆಂದು ನಾಚಿ ಸಾಯುವವಳು ಮಾತ್ರ ಇವಳು!

ನಮ್ಮ ಕನ್ನಡದಲ್ಲಿ ಕುದುರೆಯಾಗಲಿ, ಪುಸ್ತಕವಾಗಲಿ, ಮನೆಯಾಗಲಿ, ‘ಒಳ್ಳೆಯ’ ಎಂದರೆ ಸಾಕು. ಆ ಭಾಷೆಯಲ್ಲಿ ಕುದುರೆ ಗಂಡು, ಪುಸ್ತಕ ಹೆಣ್ಣು, ಮನೆ ಎರಡೂ ಅಲ್ಲ. ಅದಕ್ಕೆ ತಕ್ಕಂತೆ ‘ಒಳ್ಳೆಯ’ ಕೂಡ ರೂಪ ಬದಲಿಸಬೇಕು: ಗೋದುರ್, ಗೋದ್, ಗೊತ್ತ್. ಪರೀಕ್ಷೆಯಲ್ಲಿ ಅಂಗಿ ಹೆಣ್ಣು, ಲಂಗ ಎರಡೂ ಅಲ್ಲ ಎಂದು ಅವಳು ಮೊದಲು ಸರಿಯಾಗಿಯೇ ಬರೆದಿದ್ದಳು.

‘ಅರ್ಧ ಓದಿದವಳ ಉತ್ತರ ಸರಿಯಿರುತ್ತದೆಯೇ…’

ಹಾಗಂದುಕೊಂಡು ಅಳಿಸಿದ್ದಳು. ಅವನದ್ದನ್ನು ಕದ್ದು ನೋಡಿ ಅಂಗಿಯನ್ನು ಗಂಡು, ಲಂಗವನ್ನು ಹೆಣ್ಣು ಮಾಡಿದ್ದಳು.

ಮರುದಿನ ಬೆಳಿಗ್ಗೆ ಮೊದಲು ಮೇಡಂ ಮನೆಗೆ, ಆಮೇಲೆ ಗ್ಯಾರೇಜಿಗೆ ಹೋದಳು. ಅವನು ಬೈಕಿನ ಚೈನಿಗೆ ಗ್ರೀಸ್ ಹಚ್ಚುತ್ತಿದ್ದ.

“ನೋಡಿ ಬರೆದಿದ್ದು ನಾನು ಅಂತ ಮೇಡಂಗೆ ಹೇಳ್ಬಿಟ್ಟೆ.” ಅವಳು ತಲೆ ಎತ್ತಲಿಲ್ಲ.

“ಯಾಕ್ರೀ ಹೇಳೋಕೆ ಹೋದ್ರಿ? ನಿಮ್ಮಕ್ಕ ಕಾಯ್ತಿಲ್ವಾ?”

“ನಿಮ್ಮ ತಲೆ ಮೇಲೆ ಕಾಲಿಟ್ಟು ಅಕ್ಕನ ಹತ್ರ ಹೋಗ್ಲಾ? ನಿನ್ನೆ ಬಾಯೇ ಬಿಡ್ಲಿಲ್ಲ ನಾನು… ನಿಮ್ಮ ಮುಖ ನೋಡೋಕೂ ಆಗ್ತಿಲ್ಲ.”

“ನಾಚಿಕೆ ನನಗೂ ಇದೆ. ಸುಲಭದ ಪ್ರಶ್ನೆ, ಅಂಗಿ ಗಂಡು ಅಂತ ಬರೆದೆ.”

“ಅದ್ಯಾಕೆ ಹಾಗೆ ಬರೆದ್ರಿ?”

ಅವನು ಕೈ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

“ನಿಮ್ಮ ಅಂಗಡೀಲಿ ಗಂಡಸರ ಸಾಲಲ್ಲಿ ಅಂಗಿ, ಹೆಂಗಸರ ಸಾಲಲ್ಲಿ ಲಂಗ ನೇತುಹಾಕಿದೀರಲ್ಲ… ದಿನಾ ನೋಡ್ತೀನಿ. ಪರೀಕ್ಷೇಲಿ ಅದೇ ಕಣ್ಮುಂದೆ ಬಂತು.”

“ದಿನಾನಾ? ಗ್ಯಾರೇಜಿಗೂ ನಮ್ಮ ಬೀದಿಗೂ ಏನ್ ಸಂಬಂಧ?”

“ಏನೂ ಇಲ್ಲ. ಸುತ್ತಿಕೊಂಡು ಬರ್ತೀನಿ.”

ಅವಳ ಕಣ್ಣು ತುಂಬಿತು. ‘ಇಂಥವನನ್ನು ಹೊರಗೆ ಹಾಕಿಸಿದೆನಲ್ಲ…’

“ಮೇಡಂ ಇಬ್ಬರಿಗೂ ಇನ್ನೊಂದು ಸಲ ಪರೀಕ್ಷೆ ಕೊಡ್ತಾರಂತೆ. ದೂರ ದೂರದ ಬೆಂಚಲ್ಲಿ ಕೂರ್ಬೇಕು.”

“ಪರೀಕ್ಷೆ ಮುಗಿದ ಮೇಲೆ?”

ಅವಳು ಆಗ ತಲೆಯೆತ್ತಿದಳು.

“ಒಂದೇ ಬೆಂಚು. ಆದ್ರೆ ಅಂಗಿ ವಿಷಯದಲ್ಲಿ ನಾನು ಮೊದಲು ಬರೆದು ಅಳಿಸಿದ್ದೇ ಸರಿ, ಅದು ಹೆಣ್ಣು.”

“ಆಯ್ತು ಕಣ್ರೀ… ಇನ್ನು ಮೇಲೆ ನಾನೇ ನಿಮ್ಮದನ್ನ ನೋಡಿ ಬರೀತೀನಿ.”