ಮುಚ್ಚಬಾರದ ಗಾಜು

"ಮಿಕ್ಕಿದ್ದೆಲ್ಲ ರಿಪೇರಿ ಮಾಡಿಸ್ಕೊಳ್ಳಿ ಸಾರ್. ಹಿಂದಿನ ಎಡಗಡೆ ಗಾಜು ಮಾತ್ರ ಮುಟ್ಟಬೇಡಿ," ಎಂದ ಗ್ಯಾರೇಜಿನ ಮುದುಕ.

ಕಾರಿನ ಆ ಗಾಜು ಪೂರ್ತಿ ಏರುತ್ತಿರಲಿಲ್ಲ. ಮೇಲೆ ಅಂಗೈ ಅಗಲದ ಸಂದು ಉಳಿಯುತ್ತಿತ್ತು. ಬಾಗಿಲಿನೊಳಗೆ ಮರದ ತುಂಡು ಸಿಕ್ಕಿಸಿ ಹಾಗೆ ನಿಲ್ಲಿಸಿದವನು ತಾನೇ ಎಂದೂ ಮುದುಕ ಒಪ್ಪಿಕೊಂಡ.

"ಮಳೆ ಬಂದರೆ?"

"ಏನಾದರೂ ಹೊದಿಸಿ."

ಕೊಳ್ಳಲು ಬಂದವನು ನಕ್ಕ. ಲಿಫ್ಟ್ ರಿಪೇರಿ ಅವನ ಕೆಲಸ. ಬೀದಿಯಲ್ಲಿ ಎಲ್ಲರಿಗೂ ಅವನು ಲಿಫ್ಟಿನವನು. ಬಾಗಿಲು ಕೂದಲೆಳೆಯಷ್ಟು ತೆರೆದಿದ್ದರೂ ಲಿಫ್ಟ್ ಕದಲಬಾರದು ಎಂಬುದು ಆ ಕಸುಬಿನಲ್ಲಿ ಅವನು ಕಲಿತ ಮೊದಲ ಪಾಠ. ಹದಿನಾರು ವರ್ಷಗಳಿಂದ ಅವನ ಲೆಕ್ಕದಲ್ಲಿ ಮುಚ್ಚದ್ದು ಅಪಾಯ, ಮುಚ್ಚಿದ್ದು ಕ್ಷೇಮ.

ಮುದುಕ ಕೈ ಒರೆಸಿಕೊಳ್ಳುತ್ತ ಹೇಳಿದ್ದಿಷ್ಟು. ಈ ಕಾರಿಗೆ ಸ್ಪ್ರಿಂಗ್ ಇಲ್ಲ. ಚಕ್ರಗಳ ಮೇಲೆ ಗಾಳಿಯ ಚೀಲಗಳಿವೆ; ಅವು ಉಬ್ಬಿದರೆ ಕಾರು ಏಳುತ್ತದೆ, ಬರಿದಾದರೆ ಕೂರುತ್ತದೆ. ಮೊದಲ ಮಾಲೀಕನ ಡ್ರೈವರ್ ಕಾರಿನ ಅಡಿಗೆ ನುಗ್ಗಿದ್ದಾಗ ಚೀಲಗಳು ಬರಿದಾಗಿ, ಕಾರು ಮೇಲೆ ಕೂತು ಅವನು ಸತ್ತ. ಮಾಲೀಕ ಒಳಗೇ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ಎರಡು ಪದರದ ಗಾಜು. ಡ್ರೈವರಿನ ಕೂಗು ಅವನಿಗೆ ಕೇಳಲಿಲ್ಲ.

"ಡ್ರೈವರಿನ ತಾಯಿ ಮಾಟ ಮಾಡಿಸಿದಳು ಸಾರ್. ಮಗನ ಕೂದಲು, ಉಗುರು ತಾಮ್ರದ ತಗಡಿನಲ್ಲಿ ಸುತ್ತಿಸಿ ಇದರೊಳಗೆ ಸೇರಿಸಿಬಿಟ್ಟಳು. ಇಡೀ ಕಾರು ಬಿಚ್ಚಿ ಹುಡುಕಿದೆ, ಸಿಗಲಿಲ್ಲ. ಗಾಜು ಪೂರ್ತಿ ಮುಚ್ಚದಿದ್ದರೆ ಅದು ಸುಮ್ಮನಿರುತ್ತೆ. ಅಷ್ಟು ಮಾತ್ರ ಗೊತ್ತು."

"ಮೊದಲ ಮಾಲೀಕ ಏನಾದ?"

"ಕಾರು ಮಾತ್ರ ಸಿಕ್ಕಿತು," ಎಂದ ಮುದುಕ.

"ಬೆಲೆ ಇಳಿಸೋಕೆ ನನಗೂ ಇಂಥ ಕತೆ ಹೊಳೀತಿರಲಿಲ್ಲ ಯಜಮಾನ್ರೇ, ನೀವೇ ಹೇಳ್ತಾ ಇದ್ದೀರಲ್ಲ," ಎಂದು ಲಿಫ್ಟಿನವನು ಕೀಲಿಕೈ ತೆಗೆದುಕೊಂಡ.

ಹದಿನೇಳು ವರ್ಷದ ಕಾರು. ಒಂದು ಕಾಲಕ್ಕೆ ಮಂತ್ರಿಗಳ ಮನೆಯ ಮುಂದೆ ನಿಲ್ಲುವ ಜಾತಿಯದು. ಈಗ ಹೊಸ ಸ್ಕೂಟರಿನ ಬೆಲೆಗೆ ಬಂದಿತ್ತು. ಮೊದಲ ತಿಂಗಳು ಇಂಜಿನ್ ಆಯಿಲ್ ಸೋರಿ ಎಕ್ಸಾಸ್ಟಿನ ಮೇಲೆ ಬಿದ್ದು ಸುಟ್ಟ ವಾಸನೆ. ಎರಡನೆಯ ತಿಂಗಳು ರೇಡಿಯೇಟರಿನ ಪ್ಲಾಸ್ಟಿಕ್ ಕೊಳವೆ ಮುಟ್ಟಿದರೆ ಹಪ್ಪಳದಂತೆ ಮುರಿಯಿತು. ಆಮೇಲೆ ಗೇರು ಬದಲಾಗುವಾಗ ಹಿಂದಿನಿಂದ ಯಾರೋ ಒದ್ದಂತೆ ಜಗ್ಗತೊಡಗಿತು. ಮುಂದಿನ ಗಾಳಿಚೀಲ ಎರಡೂ ಬಿರುಕುಬಿಟ್ಟವು. ಅವೆರಡರ ಬೆಲೆಯೇ ಕಾರಿನ ಬೆಲೆಯನ್ನು ಮೀರಿಸಿತು.

"ಕಾರು ಇಟ್ಕೊಂಡಿದ್ದೀರೋ, ಕಾರೇ ನಿಮ್ಮನ್ನ ಇಟ್ಕೊಂಡಿದೆಯೋ?" ಎಂದಳು ಹೆಂಡತಿ.

"ಇಂಥ ಸೀಟು ನಮ್ಮ ಮನೆ ಸೋಫಾಕ್ಕೂ ಇಲ್ಲ ಕಣೇ."

"ಹಾಗಾದರೆ ಅಲ್ಲೇ ಮಲಗಿ."

ಒಂದೊಂದಾಗಿ ಎಲ್ಲ ಸರಿಯಾಯಿತು. ಉಳಿದದ್ದು ಆ ಗಾಜು. ಅದರ ಸಂದಿನಿಂದ ಗಾಳಿ ಸಿಳ್ಳೆ ಹಾಕುತ್ತಿತ್ತು, ಧೂಳು ಬರುತ್ತಿತ್ತು. ಒಂದು ಶನಿವಾರ ಮಧ್ಯಾಹ್ನ ಅವನು ಬಾಗಿಲಿನ ಒಳಹಾಸು ಬಿಚ್ಚಿ, ಎಣ್ಣೆಯಲ್ಲಿ ಕಪ್ಪಾಗಿದ್ದ ಮರದ ತುಂಡನ್ನು ಕಿತ್ತು, ಗಾಜಿನ ಹೊಸ ಮೋಟಾರು ಕೂರಿಸಿದ. ಸ್ವಿಚ್ಚು ಒತ್ತಿದ. ಗಾಜು ಮೆಲ್ಲಗೆ ಏರಿ ರಬ್ಬರಿನಲ್ಲಿ ಹೂತುಕೊಂಡಿತು.

ಬೀದಿ ಇಲ್ಲವಾಯಿತು. ಹಾರ್ನು, ನಾಯಿ, ಪಕ್ಕದ ಮನೆಯ ಮಿಕ್ಸರ್, ಯಾವುದೂ ಇಲ್ಲ. ತನ್ನ ಗಂಟಲಿನಲ್ಲಿ ಉಗುಳು ಇಳಿಯುವುದು ಅವನಿಗೆ ಕೇಳಿಸಿತು. ಕೂದಲು ಸುಟ್ಟಂಥ ಸಣ್ಣ ವಾಸನೆ. ವೈರು ಬಿಸಿಯಾಗಿರಬೇಕು ಎಂದುಕೊಂಡ. ಸೀಟಿನ ಅಡಿಯಿಂದ ಇನ್ನೊಂದು ಸದ್ದು: ಅಂಗಿಯ ಗುಂಡಿ ಕಬ್ಬಿಣಕ್ಕೆ ಉಜ್ಜಿದ ಹಾಗೆ, ಒಮ್ಮೆ, ಮತ್ತೊಮ್ಮೆ. ಬಿಸಿಲಿಗೆ ಕಾದ ತಗಡು ಆರುತ್ತಿದೆ ಎಂದುಕೊಂಡ.

ಇಳಿದಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಏನ್ರೀ ಅದು, ಒಳಗೆ ಕೂತು ಮೀನಿನ ಹಾಗೆ ಬಾಯಿ ಆಡಿಸ್ತಿದ್ರಿ?"

"ನಿನ್ನನ್ನೇ ಕರೀತಿದ್ದೆ. ಅಷ್ಟು ಜೋರಾಗಿ ಕೂಗಿದೆನಲ್ಲ."

"ಒಂದಕ್ಷರ ಕೇಳಲಿಲ್ಲ."

ಒಳ್ಳೆಯ ಗಾಜು ಎಂದು ಅವನು ಹಿಗ್ಗಿದ.

ಮರುದಿನ ಬೆಳಿಗ್ಗೆ ಅಣ್ಣ ಬಂದ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿ ದುಡಿದವನು. ಅಪ್ಪ ಹೋದಮೇಲೆ ತಮ್ಮನನ್ನು ಓದಿಸಿದವನೂ ಅವನೇ. ಹಿತ್ತಲಿನ ಅಂಗಳದಲ್ಲಿ ನಿಂತಿದ್ದ ಕಾರನ್ನು ಸುತ್ತು ಹಾಕಿ, ನೆಲದ ಮೇಲಿನ ಎಣ್ಣೆ ಹನಿ ನೋಡಿ ಮುಖ ಕಿವುಚಿದ.

"ಇನ್ನೂ ಸೋರ್ತಾ ಇದೆಯಲ್ಲೋ. ಸಾಕಿದ ಎಮ್ಮೆ ಇಷ್ಟು ಹಾಲು ಕೊಟ್ಟಿದ್ದರೆ ಉದ್ಧಾರ ಆಗಿರ್ತಿದ್ದೆ. ಎತ್ತರಕ್ಕೆ ಏರಿಸು, ಜಾಕ್ ಎಲ್ಲಿ ಕೂರುತ್ತೆ ನೋಡ್ತೀನಿ."

"ಅಡಿಗೆ ಆಸರೆ ಕೊಡೋಕೆ ಸ್ಟ್ಯಾಂಡ್ ತರ್ತೀನಿ ಇರಣ್ಣ."

"ನೋಡೋಕೆ ಎಂಥ ಸ್ಟ್ಯಾಂಡು. ಏರಿಸು."

ಲಿಫ್ಟಿನವನು ಒಳಗೆ ಕೂತು ಬಾಗಿಲೆಳೆದುಕೊಂಡ. ಇಂಜಿನ್ ಶುರು ಮಾಡಿ ಏರಿಸುವ ಗುಂಡಿ ಒತ್ತಿದ. ಕಾರು ಒಂಟೆಯಂತೆ ಎದ್ದಿತು. ಅಣ್ಣನ ತಲೆ, ಭುಜ ಅಡಿಗೆ ಸರಿದವು. ಬಲಗಡೆ ಅವನ ಕಾಲುಗಳಷ್ಟೇ ಹೊರಗೆ.

ಟಕ್. ನಾಲ್ಕೂ ಬಾಗಿಲು ಲಾಕಾದವು.

ಲಿಫ್ಟಿನವನು ಹಿಡಿ ಎಳೆದ. ಬರಲಿಲ್ಲ. ಕೀಲಿ ತಿರುಗಿಸಿದ. ತಿರುಗಿತು, ಇಂಜಿನ್ ನಿಲ್ಲಲಿಲ್ಲ. ಕೂದಲು ಸುಟ್ಟ ವಾಸನೆ ಮೂಗಿಗೆ ಅಡರಿತು. ಹಿಂದಿನಿಂದ ಉಸ್ಸೆಂಬ ಸದ್ದು. ಕಿಟಕಿಯಾಚೆಯ ಗೋಡೆ ಮೇಲೇರಿದಂತೆ ಕಂಡಿತು. ಗೋಡೆಯಲ್ಲ. ಕಾರು ಇಳಿಯುತ್ತಿತ್ತು.

ಗುಂಡಿ ಒತ್ತಿದ. ಮತ್ತೆ ಒತ್ತಿದ. ಕಾರು ಬೆರಳು ಬೆರಳಾಗಿ ಇಳಿಯಿತು.

ಆಗ ಕೇಳಿಸಿತು. ಕಿವಿಗೆ ಬಾಯಿಟ್ಟು ಹೇಳಿದಷ್ಟು ಹತ್ತಿರ. ಅಣ್ಣನ ಉಸಿರು. ಅಂಗಿಯ ಗುಂಡಿ ಕಬ್ಬಿಣಕ್ಕೆ ಉಜ್ಜುವ ಸದ್ದು.

"ಲೇ, ಏನ್ ಒತ್ತಿದೆ? ಏರಿಸು. ಏರಿಸೋ. ಎದೆ ಮೇಲೆ ಬಂತು."

ಹತ್ತು ಹೆಜ್ಜೆ ದೂರದಲ್ಲಿ ಹೆಂಡತಿ ಬೆನ್ನು ಹಾಕಿ ಬಟ್ಟೆ ಒಣಗಿಸುತ್ತಿದ್ದಳು. ಅವಳು ಬಟ್ಟೆ ಕೊಡವಿದ್ದು ಕೇಳಿತು. ಕ್ಲಿಪ್ಪಿನ ಸದ್ದು ಕೇಳಿತು. ಅವನು ಕೂಗಿದ. ಗಂಟಲು ಹರಿಯುವಂತೆ ಕೂಗಿದ. ಹಾರ್ನ್ ಗುದ್ದಿದ, ಸತ್ತಿತ್ತು. ಮೊಣಕೈಯಿಂದ ಗಾಜಿಗೆ ಹೊಡೆದ. ಗಾಜು ಕಂಪಿಸಲೂ ಇಲ್ಲ.

ಕಿಟಕಿಯ ನಾಲ್ಕೂ ಸ್ವಿಚ್ಚು ಒತ್ತಿದ. ಮೂರು ಸತ್ತಿದ್ದವು. ಹಿಂದಿನ ಎಡಗಡೆಯದು ಮಾತ್ರ ಕದಲಿತು. ಅಂಗೈ ಅಗಲ ಇಳಿದು ನಿಂತಿತು.

"ಏಯ್! ಇಲ್ಲಿ! ಅಣ್ಣ ಅಡಿಯಲ್ಲಿದ್ದಾನೆ!"

ಹೆಂಡತಿ ತಿರುಗಿದಳು. ಬುಟ್ಟಿ ಬಿಟ್ಟು ಓಡಿದಳು. ಅದೇ ಕ್ಷಣ ಕಾರು ಧಡಕ್ಕನೆ ಎರಡು ಬೆರಳು ಕುಸಿಯಿತು. ಅಣ್ಣನ ಮಾತು ನಿಂತು ಬರೀ ಸದ್ದಾಯಿತು.

ಬೆಚ್ಚಿದ ಕೈಗೆ ಸ್ವಿಚ್ಚು ತಾಗಿ ಗಾಜು ಸ್ವಲ್ಪ ಏರಿತು. ಕಾರೂ ಸ್ವಲ್ಪ ಏರಿತು.

ಲಿಫ್ಟಿನವನ ಕೈ ನಿಂತಿತು. ಕೂದಲೆಳೆಯಷ್ಟು ಇಳಿಸಿ ನೋಡಿದ. ಕಾರು ಇಳಿಯಿತು. ಏರಿಸಿದ. ಏರಿತು. ಮೂರನೆಯ ಸಲ ಪರೀಕ್ಷಿಸಲಿಲ್ಲ. ಬಾಗಿಲು ಮುಚ್ಚದೆ ಕದಲದ ಯಂತ್ರಗಳ ಜೊತೆ ಅವನು ಹದಿನಾರು ವರ್ಷ ಕಳೆದಿದ್ದ.

ಹೆಂಡತಿ ಸಂದಿಗೆ ಬೆರಳು ತೂರಿಸಿದ್ದಳು. "ರೀ, ಬಾಗಿಲು ತೆಗೀರಿ."

"ಬೆರಳು ತೆಗಿ."

"ರೀ..."

"ಬೆರಳು ತೆಗಿ. ಬಲಗಡೆ ಹೋಗು. ಕಾರು ಎದ್ದ ಕೂಡಲೇ ಅಣ್ಣನ ಕಾಲು ಹಿಡಿದು ಎಳಿ. ನನ್ನ ಕಡೆ ನೋಡಬೇಡ."

ಅವಳು ಬೆರಳು ತೆಗೆದಳು. ಅವನು ಸ್ವಿಚ್ಚು ಒತ್ತಿ ಹಿಡಿದ. ಗಾಜು ಏರಿತು. ರಬ್ಬರಿನಲ್ಲಿ ಹೂತಿತು.

ಕಾರು ನೆಟ್ಟಗೆ ಎದ್ದು ನಿಂತಿತು.

ಹೆಂಡತಿ ಕಾಲು ಹಿಡಿದು ಜಗ್ಗಿದಳು. ಅಣ್ಣನ ಸೊಂಟ ಬಂತು, ಎದೆ ಬಂತು, ರಕ್ತ ಒಸರುವ ಮುಖ ಬಂತು. ಕೆಮ್ಮಿದ. ಉಸಿರೆಳೆದುಕೊಂಡ. ಆ ಒಂದು ಉಸಿರನ್ನು ಲಿಫ್ಟಿನವನು ಒಳಗೆ ಕೂತು ಪೂರ್ತಿ ಕೇಳಿಸಿಕೊಂಡ.

ಆಮೇಲೆ ಅವಳು ಕಿಟಕಿಗೆ ಓಡಿಬಂದಳು. ಕಣ್ಣಿನ ಎರಡೂ ಪಕ್ಕ ಅಂಗೈ ಮರೆಮಾಡಿ ಗಾಜಿನೊಳಗೆ ಇಣುಕಿದಳು. ಅವನು ಅವಳ ಕಣ್ಣನ್ನೇ ನೋಡಿದ. ಅವಳ ಕಣ್ಣು ಅವನ ಮೇಲಿಂದ ಹಾದು ಪಕ್ಕದ ಸೀಟಿಗೆ ಹೋಯಿತು, ಹಿಂದಕ್ಕೆ ಹೋಯಿತು, ಮರಳಿ ಬಂತು.

"ಭಾವ," ಎಂದಳು ಸಣ್ಣ ದನಿಯಲ್ಲಿ. "ಒಳಗೆ ಯಾರೂ ಇಲ್ಲ."

ಪಕ್ಕದ ಮನೆಯವನು ಜಾಕಿನ ಸರಳು ತಂದ. ಏಳನೆಯ ಏಟಿಗೆ ಡ್ರೈವರ್ ಕಡೆಯ ಗಾಜು ಒಡೆಯಿತು. ಕಾರು ಒಮ್ಮೆಲೇ ನೆಲಕಚ್ಚಿತು. ಚೂರುಗಳು ಅವನ ತೊಡೆಯ ಮೇಲೆ ಉದುರಿದವು. ಅವಳು ಒಳಗೆ ಕೈ ಹಾಕಿ ಸೀಟಿನ ಮೇಲೆಲ್ಲ ತಡಕಿದಳು. "ಇನ್ನೂ ಬೆಚ್ಚಗಿದೆ," ಎಂದಳು.

ಅವಳು ಗಂಡನನ್ನು ಕರೆಯತೊಡಗಿದಳು. ಆಸ್ಪತ್ರೆಗೆ ಎತ್ತಿಕೊಂಡು ಹೋಗುವ ತನಕ ಅಣ್ಣನೂ ನೆಲದಲ್ಲಿ ಬಿದ್ದಲ್ಲಿಂದಲೇ ಕರೆದ. ಅವಳು ಕತ್ತಲಾಗುವ ತನಕ ಕರೆದಳು. ಪ್ರತಿ ಸಲವೂ ಅವನು ಓಗೊಟ್ಟ.