ಅಕ್ಕೋರ ಎಂದು ಕರೆದವನು

"ಅಲುಗಾಡಬ್ಯಾಡ್ರಿ..."

ಅಪರಿಚಿತ ಕೈಯೊಂದು ಸ್ವರ್ಣಲತಾಳ ಮಣಿಕಟ್ಟನ್ನು ಹಿಡಿಯಿತು. ಅವಳ ಕೆನ್ನೆಯಿಂದ ಗೇಣು ದೂರದಲ್ಲಿ ಎಲೆಯಂತೆ ಕಂಡದ್ದು ಹಸಿರು ಹಾವು!

ಅದು ಸರಿದುಹೋಗುವವರೆಗೂ ಆ ಕೈ ಸಡಿಲಲಿಲ್ಲ.

"ಈಗ ಉಸಿರು ಬಿಡ್ರಿ, ಅಕ್ಕೋರ."

ಅಕ್ಕ...

ಬಡಿದುಕೊಳ್ಳುತ್ತಿದ್ದ ಎದೆ ಆ ಒಂದು ಮಾತಿಗೆ ತಣ್ಣಗಾಯಿತು.

"ನನಗೆ ಕನ್ನಡ ಬರ್ತದೆ ಅಂತ ಹೇಗೆ ಗೊತ್ತಾಯ್ತು?"

"ನಿಮ್ಮಷ್ಟಕ್ಕ ನೀವ ಮಾತಾಡಿಕೋತ ಬಂದ್ರಲ್ಲ."

ಅವಳು ನಾಚಿ ತಲೆತಗ್ಗಿಸಿದಳು. ಹೌದು, ಬೇರೆ ಯಾರೊಡನೆ ಮಾತಾಡಬೇಕು?

ಉಡುಪಿಯ ಹುಡುಗಿ. ಬಿ.ಎ. ಮುಗಿಸಿ ಪುಣೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಳು. ಹಗಲಿಡೀ ಮರಾಠಿ. ಸಂಜೆಯಾದರೆ ಸೋದರಮಾವನ ಹೋಟೆಲಿನ ಮೇಲಿನ ಕೋಣೆ, ಕೆಳಗಿನ ಲೋಟಗಳ ಸದ್ದು. ಆ ವರ್ಷ, ೧೯೩೭ರಲ್ಲಿ, ಮಕ್ಕಳೊಂದಿಗೆ ಭೀಮಾಶಂಕರದ ಕಾಡು ನೋಡಲು ಬಂದಿದ್ದಳು. ಅವಳ ಕೈ ಹಿಡಿದವನು ದಾರಿ ತೋರಿಸಲು ಬಂದಿದ್ದ ಜಂಗಲ್ ಖಾತೆಯ ಬಿಂದುಮಾಧವ, ಧಾರವಾಡದವನು.

ಆಮೇಲೆ ಪುಣೆಗೆ ಬಂದಾಗಲೆಲ್ಲ ಅವನು ಮಾವನ ಹೋಟೆಲಿಗೆ ಬಂದ. ಒಮ್ಮೆ ನವಿಲುಗರಿ, ಒಮ್ಮೆ ಹೆಸರು ಗೊತ್ತಿಲ್ಲದ ಬೀಜ ತಂದುಕೊಟ್ಟ. ಪ್ರತಿ ಸಲವೂ, "ತಗೋರಿ ಅಕ್ಕೋರ."

ಎಷ್ಟು ಅಂತ ಕೇಳಿಸಿಕೊಳ್ಳುವುದು? ಕೊನೆಗೊಂದು ದಿನ ಅವಳೂ ಅಂದಳು, "ಕಾಫಿ ಕುಡೀರಿ, ಅಣ್ಣ."

ಲೋಟ ಅವನ ತುಟಿಯ ಹತ್ತಿರ ನಿಂತುಬಿಟ್ಟಿತು. ಅವಳು ಅದನ್ನು ನೋಡಿದಳು. ಕಾಫಿ ಬಿಸಿಯಿರಬೇಕು ಎಂದುಕೊಂಡಳು.

ಮುಂದಿನ ಚಳಿಗಾಲಕ್ಕೆ ಮತ್ತೆ ಅದೇ ಕಾಡು, ಬೇರೆ ಮಕ್ಕಳು.

"ಇದು ಕಡೀ ಸಲ," ಬಿಂದುಮಾಧವ ಅವಳತ್ತ ನೋಡದೆ ಹೇಳಿದ. "ನಮ್ಮ ಕಡೆ ಸೂಪಾದ ಕಾಡಿಗೆ ವರ್ಗ ಆಗೇದ. ನಾನ ಕೇಳಿಕೊಂಡೇನ್ರಿ."

ನಾನೇ ಕೇಳಿಕೊಂಡೆ ಅನ್ನುತ್ತಾನಲ್ಲ... ಒಳ್ಳೆಯದಾಗಲಿ ಎನ್ನಬೇಕೆಂದುಕೊಂಡಳು, ಆಗಲಿಲ್ಲ.

"ಬಾಯಿ, ಬಾಯಿ, ಶೇಕರು!" ಹುಡುಗಿಯರು ಅವಳನ್ನು ಕೂಗಿ ಕರೆದರು. ದೊಡ್ಡದೊಂದು ಕೆಂಪು ಅಳಿಲು ಉದ್ದ ಬಾಲ ಚಾಚಿ ಮರದಿಂದ ಮರಕ್ಕೆ ಹಾರಿತು.

ಅವನು ನಕ್ಕ. "ಇಲ್ಲಿ ನಿಮಗ ಬಾಯಿ ಅಂತಾರ. ನಮ್ಮ ಧಾರವಾಡದ ಸಾಲ್ಯಾಗ ನಾವು ಹಿಂಗ ಅಕ್ಕೋರ, ಅಕ್ಕೋರ ಅಂತ ಒದರತಿದ್ವಿ. ರಾಧಾಬಾಯಿ ಅಕ್ಕೋರು ಬಂದು ಕಿವಿ ಹಿಂಡತಿದ್ರು."

"ಅವರು ನಿಮ್ಮ ಅಕ್ಕನಾ?"

"ಯಾರು? ಅವರಿಗೆ ನಮ್ಮ ಅಜ್ಜಿ ವಯಸ್ಸು. ಸಾಲಿ ಕಲಸೋ ಹೆಣ್ಮಕ್ಕಳಿಗೆಲ್ಲಾ ನಾವು ಅಕ್ಕೋರ ಅಂತೀವ್ರಿ. ಗಂಡಸರಾದ್ರ ಮಾಸ್ತರು."

ಸ್ವರ್ಣಲತಾ ಪಕ್ಕದ ಮರಕ್ಕೆ ಕೈಯೂರಿದಳು. ಒಂದು ಇಡೀ ವರ್ಷ...

"ನಮ್ಮ ಕಡೆ ಅಕ್ಕ ಅಂದ್ರೆ ಅಕ್ಕನೇ, ಮಾರಾಯ್ರೆ. ಅದಕ್ಕೇ ನಾನು..."

"ಅದಕ್ಕ ಅಣ್ಣ ಅಂದ್ರಿ?"

ಅವಳು ತಲೆಯಾಡಿಸಿದಳು.

ಈಗ ಅವನು ಅವಳತ್ತ ತಿರುಗಿದ. "ಆ ಅಣ್ಣ ಅನ್ನೂದನ್ನ ಕೇಳಲಿಕ್ಕೆ ಆಗಲಾರದ ಸೂಪಾಕ್ಕ ಹೊಂಟಿದ್ದೆ. ಕಾಡಿನಾಗ ನನಗೂ ಮಾತಾಡಲಿಕ್ಕೆ ಯಾರೂ ಇಲ್ಲ. ನಿಮ್ಮ ಹೋಟೆಲಿಗೆ ನಾ ಕಾಫೀ ಸಲುವಾಗಿ ಬರತಿದ್ದಿಲ್ಲ."

ಅವಳ ಕಣ್ಣು ತುಂಬಿತು.

"ಸೂಪಾದಲ್ಲಿ ಹೆಣ್ಣುಮಕ್ಕಳ ಶಾಲೆ ಉಂಟಾ?"

"ಅದ. ಕಲಸೋರ ಸಿಗವಲ್ರು."

"ಹಾಗಾದ್ರೆ ಅಲ್ಲಿಯ ಮಕ್ಕಳು ನನ್ನನ್ನು ಅಕ್ಕೋರ ಅನ್ನಲಿ. ನೀವು ಬೇಡ."

"ಮತ್ತ ನಾ ಏನಂತ ಕರೀಲಿ?"

"ನನಗೊಂದು ಹೆಸರುಂಟಲ್ಲ."

ಅವನು ಎಚ್ಚರಿಕೆಯಿಂದ ಹೇಳಿ ನೋಡಿದ. "ಸ್ವರ್ಣಲತಾ... ರೀ."

"ಆ ರೀ ಅನ್ನುವುದನ್ನು ನನಗೆ ಬಿಡಿ," ಎಂದಳು ಅವಳು ಮೆಲ್ಲಗೆ. "ಇನ್ನು ನಾನು ಕರೀತೇನೆ."